ತರುಣ ವಿಜ್ಞಾನಿಗೆ ಅವಕಾಶ

‘ಅವಕಾಶ’ ಎಂಬ ಶಬ್ದಕ್ಕೆ ಎಡೆ, ತೆರಪು, ಇಂಬು ಎಂಬವು ಮೂಲಾರ್ಥಗಳು. ಇಂದಿನ ಬಳಕೆಯಲ್ಲಿ ಅದು ಬಹುಮಟ್ಟಿಗೆ ಉದ್ಯೋಗವೆಂಬ ಒಂದೇ ಅರ್ಥಕ್ಕೆ ಇಳಿದಿದೆ. ಮಗನೋ ಮಗಳೋ ವಿಜ್ಞಾನದ ಸ್ನಾತಕೋತ್ತರ ಪದವಿ ಮುಗಿಸಿ ಸಂಶೋಧನೆಗೆ ಹೋಗುವೆನೆಂದಾಗ ಹೆತ್ತವರು ಮೊದಲು ಕೇಳುವ ಮಾತು ‘ಅದರಲ್ಲಿ ಅವಕಾಶ ಏನಿದೆ?’ ಎಂಬುದೇ. ಪ್ರಶ್ನೆ ಸಹಜವಾದುದು, ಬಡತನವನ್ನು ಕಂಡ ಮನೆಗಳಲ್ಲಿ ಅನಿವಾರ್ಯವೂ ಹೌದು. ಆದರೆ ಶಬ್ದದ ಹಳೆಯ ಅರ್ಥವನ್ನು ಮರೆತು ಉತ್ತರ ಹುಡುಕಿದರೆ ಉತ್ತರ ಅರೆಯಾಗುತ್ತದೆ. ವಿಜ್ಞಾನದ ಇತಿಹಾಸವನ್ನು ನೋಡಿದರೆ, ತಕ್ಕ ವಯಸ್ಸಿನಲ್ಲಿ ತರುಣನಿಗೆ ದೊರೆತ ಎಡೆಯೇ ಹಲವು ದೊಡ್ಡ ಶೋಧಗಳ ತಾಯಿಬೇರಾಗಿರುವುದು ಕಾಣುತ್ತದೆ. ಇದಕ್ಕೆ ನಿದರ್ಶನವಾಗಿ ಒಂದು ಶಾಸ್ತ್ರವನ್ನು ಪರಿಶೀಲಿಸಬಹುದು. ಜೀವಿಗಳೊಳಗಿನ ಅಣುಗಳ ಆಕೃತಿಯನ್ನೂ ಚಲನೆಯನ್ನೂ ಭೌತಶಾಸ್ತ್ರದ ನಿಯಮಗಳಿಂದಲೂ ಗಣಕಯಂತ್ರದ ಲೆಕ್ಕಗಳಿಂದಲೂ ಅರಿಯುವ ಈ ಶಾಸ್ತ್ರಕ್ಕೆ ಗಣಕೀಯ ರಚನಾ ಜೀವಭೌತವಿಜ್ಞಾನವೆಂದು ಹೆಸರು. ಹೆಸರು ದೀರ್ಘವಾದರೂ ವಿಷಯ ದುರ್ಗಮವಲ್ಲ. ಅದರ ಮುಖ್ಯ ನೆಲೆಗಳಲ್ಲಿ ಒಂದು ನಮ್ಮ ಬೆಂಗಳೂರೇ ಆಗಿದೆ.

ಭಾಷೆಯನ್ನು ಬಲ್ಲವರಿಗೆ ಈ ಶಾಸ್ತ್ರದ ತಿರುಳು ಸುಲಭವಾಗಿ ಗ್ರಾಹ್ಯವಾಗುತ್ತದೆ. ವರ್ಣಮಾಲೆಯ ಮಿತವಾದ ಅಕ್ಷರಗಳಿಂದ ಅಮಿತವಾದ ಶಬ್ದಗಳಾಗುವಂತೆ, ೨೦ ಬಗೆಯ ಅಮೈನೋ ಆಮ್ಲಗಳು ಸಾಲಾಗಿ ಪೋಣಿಸಿಕೊಂಡು ಪ್ರೋಟೀನುಗಳಾಗುತ್ತವೆ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವುದು, ಉಂಡ ಅನ್ನವನ್ನು ಅರಗಿಸುವುದು, ಸ್ನಾಯುವನ್ನು ಕುಗ್ಗಿಸಿ ಹಿಗ್ಗಿಸುವುದು, ರೋಗಾಣುವನ್ನು ತಡೆಯುವುದು, ಹೀಗೆ ದೇಹದ ಬಹುತೇಕ ಕೆಲಸಗಳು ನಡೆಯುವುದು ಇವುಗಳಿಂದ. ಆದರೆ ಅಕ್ಷರಗಳ ಸಾಲು ಇದ್ದಮಾತ್ರಕ್ಕೆ ಪ್ರೋಟೀನು ಕೆಲಸ ಮಾಡುವುದಿಲ್ಲ. ಸಾಮಾನ್ಯವಾಗಿ ಆ ಸಾಲು ತನ್ನಲ್ಲಿ ತಾನೇ ಮಡಿಚಿಕೊಂಡು ನಿಯತವಾದ ಆಕಾರವನ್ನು ತಾಳಿದಾಗಲೇ ಅದು ಕಾರ್ಯಸಮರ್ಥವಾಗುತ್ತದೆ. ಒಂದಕ್ಷರ ಕೆಟ್ಟರೆ ಅರ್ಥವೇ ಕೆಡುವುದುಂಟು. ಹೀಮೋಗ್ಲೋಬಿನ್ನಿನ ಬೀಟಾ ಎಂಬ ಎಳೆಯ ೬ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲಿಗೆ ವ್ಯಾಲೀನ್ ಬಂದು ಕುಳಿತರೆ, ಪ್ರಾಣವಾಯುವನ್ನು ಬಿಟ್ಟುಕೊಟ್ಟ ಅಣುಗಳು ಒಂದಕ್ಕೊಂದು ಅಂಟಿ ನಾರುಗಳಾಗುತ್ತವೆ; ದುಂಡಗಿನ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಕುಡುಗೋಲು ಕಣ ರೋಗವೆಂಬುದು ಇದೇ. ಭಾರತದಲ್ಲಿ ಈ ದೋಷ ಮೊದಲು ವರದಿಯಾದುದು ೧೯೫೨ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಕರ್ನಾಟಕದ ದಕ್ಷಿಣ ಸೀಮೆಯ ಗಿರಿಜನರಲ್ಲಿಯೂ ಅದು ಇದೆ. ೨೦೨೩ರಲ್ಲಿ ಭಾರತ ಸರ್ಕಾರ ಇದರ ನಿರ್ಮೂಲನಕ್ಕಾಗಿಯೇ ರಾಷ್ಟ್ರೀಯ ಅಭಿಯಾನವೊಂದನ್ನು ಆರಂಭಿಸಿತು. ಆದಕಾರಣ ಅಣುವಿನ ಆಕಾರದ ವಿಚಾರವನ್ನು ಪ್ರಯೋಗಾಲಯದ ವಿನೋದವೆಂದು ತಳ್ಳಿಹಾಕುವಂತಿಲ್ಲ. ಕಾಡಂಚಿನ ಹಾಡಿಯ ಮಗುವಿನ ನೋವಿಗೂ ಅದಕ್ಕೂ ನೇರವಾದ ಸಂಬಂಧವಿದೆ.

ಹೀಮೋಗ್ಲೋಬಿನ್ನಿನ ಆಕಾರವನ್ನು ಮೊದಲು ಕಂಡವರ ಕಥೆ ಅವಕಾಶವೆಂಬ ಶಬ್ದಕ್ಕೆ ಒಳ್ಳೆಯ ವ್ಯಾಖ್ಯಾನವಾಗಿದೆ. ಆಸ್ಟ್ರಿಯಾದಿಂದ ಕೇಂಬ್ರಿಜ್ಜಿಗೆ ಬಂದ ಮ್ಯಾಕ್ಸ್ ಪೆರುಟ್ಜ್ ಅವರು ಈ ಕೆಲಸಕ್ಕೆ ಕೈಹಾಕಿದುದು ೧೯೩೭ರಲ್ಲಿ, ತಮ್ಮ ೨೩ನೆಯ ವಯಸ್ಸಿನಲ್ಲಿ. ಪ್ರೋಟೀನಿನ ಸ್ಫಟಿಕದ ಮೂಲಕ ಕ್ಷ-ಕಿರಣವನ್ನು ಹಾಯಿಸಿ, ಚೆದುರಿದ ಕಿರಣಗಳ ಚುಕ್ಕೆಗಳಿಂದ ಒಳಗಿನ ಪರಮಾಣುಗಳ ನೆಲೆಯನ್ನು ಲೆಕ್ಕಹಾಕುವ ಆ ಸಾಹಸ ವರ್ಷಗಟ್ಟಲೆ ಫಲ ಕೊಡಲಿಲ್ಲ. ಆದರೂ ಹಿರಿಯರು ಅವರ ಕೈಬಿಡಲಿಲ್ಲ. ೧೯೪೭ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಳಿ ಅವರಿಗೂ ಜಾನ್ ಕೆಂಡ್ರೂ ಅವರಿಗೂ ಒಂದು ಪುಟ್ಟ ಘಟಕವನ್ನೇ ಕಟ್ಟಿಕೊಟ್ಟಿತು. ಹೀಮೋಗ್ಲೋಬಿನ್ನಿನ ಸ್ಥೂಲರೂಪ ಪ್ರಕಟವಾದುದು ೧೯೬೦ರಲ್ಲಿ. ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂದುದು ೧೯೬೨ರಲ್ಲಿ. ಮೂರು ವರ್ಷಕ್ಕೊಮ್ಮೆ ಫಲಿತಾಂಶ ತೋರಿಸೆಂದು ಕೇಳಿ ಬಾಗಿಲು ಮುಚ್ಚಿದ್ದರೆ ಆ ಶೋಧ ಅರ್ಧದಾರಿಯಲ್ಲಿಯೇ ನಿಂತುಹೋಗುತ್ತಿತ್ತು. ಅವರಿಗೆ ದೊರೆತ ದೊಡ್ಡ ಧನ ಕಾಲ. ಅದರ ಹಿಂದೆ ಇದ್ದುದು ಹಿರಿಯರ ನಂಬಿಕೆ.

ಇಂಥ ನಂಬಿಕೆಗೆ ನಮ್ಮ ನಾಡಿನಲ್ಲಿಯೂ ಉಜ್ವಲವಾದ ಉದಾಹರಣೆಯಿದೆ. ೧೯೫೨ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಪ್ರಾಧ್ಯಾಪಕರು ಬೇಕಾದಾಗ ಉಪಕುಲಪತಿಗಳಾಗಿದ್ದ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರು ಬೆಂಗಳೂರಿನಲ್ಲಿದ್ದ ಸಿ. ವಿ. ರಾಮನ್ ಅವರನ್ನು ಕೇಳಿಕೊಂಡರು. ರಾಮನ್ ಅವರು ತಾವು ಹೋಗದೆ ತಮ್ಮ ಶಿಷ್ಯ ಜಿ. ಎನ್. ರಾಮಚಂದ್ರನ್ ಅವರ ಹೆಸರನ್ನು ಸೂಚಿಸಿದರು. ೧೯೨೨ರಲ್ಲಿ ಹುಟ್ಟಿದ ರಾಮಚಂದ್ರನ್ ಅವರಿಗೆ ಆಗ ಮೂವತ್ತರ ಆಸುಪಾಸಿನ ವಯಸ್ಸು. ಅಷ್ಟು ಎಳೆಯನ ಕೈಗೆ ಒಂದು ವಿಭಾಗವನ್ನೇ ಒಪ್ಪಿಸಿದ ಆ ಹಿರಿಯರ ಔದಾರ್ಯವನ್ನು ಎಷ್ಟು ಕೊಂಡಾಡಿದರೂ ಸಾಲದು. ಎರಡೇ ವರ್ಷಗಳಲ್ಲಿ, ೧೯೫೪ರಲ್ಲಿ, ರಾಮಚಂದ್ರನ್ ಅವರು ತಮಗಿಂತ ಕಿರಿಯರಾದ ಗೋಪೀನಾಥ ಕರ್ತಾ ಅವರೊಡಗೂಡಿ, ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಬಲ ಕೊಡುವ ಕೊಲ್ಯಾಜೆನ್ ಎಂಬ ಪ್ರೋಟೀನು ಮೂರೆಳೆಯ ಹುರಿಯಂತೆ ಹೆಣೆದುಕೊಂಡಿದೆಯೆಂದು ಲೋಕಕ್ಕೆ ತಿಳಿಸಿದರು.

ಅವರ ಎರಡನೆಯ ಕೊಡುಗೆ ಇನ್ನೂ ಹೆಚ್ಚಿನದು. ಪ್ರೋಟೀನಿನ ಸರಪಣಿಯ ಪ್ರತಿಯೊಂದು ಕೊಂಡಿಯಲ್ಲಿಯೂ ತಿರುಗಬಲ್ಲ ಎರಡು ಬಂಧಗಳಿವೆ. ಅವು ಯಾವ ಯಾವ ಕೋನಕ್ಕೆ ತಿರುಗಬಹುದು, ಎಲ್ಲಿ ಒಂದು ಪರಮಾಣು ಮತ್ತೊಂದಕ್ಕೆ ಡಿಕ್ಕಿ ಹೊಡೆದು ತಿರುಗಲಾರದು ಎಂಬುದನ್ನು ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರು ಲೆಕ್ಕಹಾಕಿ ೧೯೬೩ರಲ್ಲಿ ಒಂದು ನಕ್ಷೆಯನ್ನು ಪ್ರಕಟಿಸಿದರು. ಇಂದಿನ ಬಗೆಯ ಗಣಕಯಂತ್ರ ಕೈಯಲ್ಲಿಲ್ಲದ ಕಾಲದಲ್ಲಿ ಮೇಜಿನ ಮೇಲಿನ ಲೆಕ್ಕಯಂತ್ರದಿಂದ ಮಾಡಿದ ಕೆಲಸವದು. ವ್ಯಾಕರಣಕಾರ ಕವಿಗೆ ಇಂಥದನ್ನೇ ಬರೆಯೆಂದು ಹೇಳುವುದಿಲ್ಲ. ಯಾವ ರೂಪ ಸಾಧು, ಯಾವುದು ಅಸಾಧು ಎಂಬುದನ್ನು ಮಾತ್ರ ತೋರಿಸುತ್ತಾನೆ. ರಾಮಚಂದ್ರನ್ ನಕ್ಷೆಯೂ ಅಂತಹುದೇ. ಅದರಲ್ಲಿ ನಿಷಿದ್ಧವಾದ ಭಾಗವೇ ಹೆಚ್ಚು. ಪರಮಾಣುಗಳಿಗೆ ಇಂಬುಳ್ಳ ಪ್ರದೇಶ ಕಡಿಮೆ. ಇಂದಿಗೂ ಜಗತ್ತಿನ ಯಾವುದೇ ಪ್ರಯೋಗಾಲಯ ಹೊಸ ಪ್ರೋಟೀನಿನ ರಚನೆಯನ್ನು ಪ್ರಕಟಿಸುವಾಗ ಅದು ಸರಿಯೇ ಎಂದು ಒರೆಗೆ ಹಚ್ಚುವ ಕ್ರಮಗಳಲ್ಲಿ ಈ ನಕ್ಷೆಯೂ ಒಂದು. ರಾಮಚಂದ್ರನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ೧೯೭೧ರಲ್ಲಿ ಅಣು ಜೀವಭೌತವಿಜ್ಞಾನ ಘಟಕವನ್ನು ಸ್ಥಾಪಿಸಿದರು. ಅವರು ೨೦೦೧ರಲ್ಲಿ ತೀರಿಕೊಂಡರೂ ಆ ಘಟಕದಲ್ಲಿ ಕೆಲಸ ಇಂದಿಗೂ ಸಾಗಿದೆ.

ಗಣಕಯಂತ್ರ ಈ ಶಾಸ್ತ್ರಕ್ಕೆ ಬಂದ ಬಳಿಕವೂ ತರುಣರ ಪಾಲು ಕಡಿಮೆಯಾಗಲಿಲ್ಲ. ಮೈಕೇಲ್ ಲೆವಿಟ್ ಅವರು ೧೯೬೭ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಗೆ ಹೋದಾಗ ಅವರಿಗೆ ೨೦ ವರ್ಷ. ಅಲ್ಲಿ ಏರಿಯೆಲ್ ವಾರ್ಶೆಲ್ ಅವರು ಇನ್ನೂ ಡಾಕ್ಟರೇಟಿನ ವಿದ್ಯಾರ್ಥಿ. ಅಣುಗಳ ಒಳಬಲಗಳನ್ನು ಗಣಕಯಂತ್ರದಿಂದ ಲೆಕ್ಕಹಾಕುವ ಕ್ರಮವನ್ನು ಇವರಿಬ್ಬರೂ ಅಲ್ಲಿ ರೂಪಿಸತೊಡಗಿದರು. ೧೯೭೭ರಲ್ಲಿ ಮಾರ್ಟಿನ್ ಕಾರ್ಪ್ಲಸ್ ಅವರೊಡನೆ ಆಂಡ್ರೂ ಮೆಕ್‌ಕ್ಯಾಮನ್, ಬ್ರೂಸ್ ಗೆಲಿನ್ ಎಂಬ ಇಬ್ಬರು ಕಿರಿಯರು ಒಂದು ಚಿಕ್ಕ ಪ್ರೋಟೀನಿನ ಚಲನೆಯನ್ನು ಮೊದಲ ಬಾರಿಗೆ ಗಣಕಯಂತ್ರದಲ್ಲಿ ಅನುಕರಿಸಿ ತೋರಿಸಿದರು. ಹಾಗೆ ತೋರಿಸಿದ ಅವಧಿ ಹತ್ತು ಪಿಕೋಸೆಕೆಂಡಿಗೂ ಕಡಿಮೆ. ಒಂದು ಪಿಕೋಸೆಕೆಂಡೆಂದರೆ ಸೆಕೆಂಡನ್ನು ಲಕ್ಷಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಕಾರ್ಪ್ಲಸ್, ಲೆವಿಟ್, ವಾರ್ಶೆಲ್ ಅವರಿಗೆ ೨೦೧೩ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇಪ್ಪತ್ತರಲ್ಲಿ ಬಿತ್ತಿದುದರ ಬೆಳೆ ಅರವತ್ತು ದಾಟಿದ ಮೇಲೆ ಕೈಗೆ ಬಂದಿತು.

ಈಚಿನ ಸಂಗತಿ ಎಲ್ಲರ ಕಿವಿಗೂ ಬಿದ್ದಿದೆ. ಅಮೈನೋ ಆಮ್ಲಗಳ ಸಾಲನ್ನು ಮಾತ್ರ ಕೊಟ್ಟು ಪ್ರೋಟೀನಿನ ಆಕಾರವನ್ನು ಊಹಿಸಿರೆಂದು ೧೯೯೪ರಿಂದ ಎರಡು ವರ್ಷಕ್ಕೊಮ್ಮೆ ಅಂತರರಾಷ್ಟ್ರೀಯ ಪರೀಕ್ಷೆಯೊಂದು ನಡೆಯುತ್ತ ಬಂದಿದೆ. ೨೦೨೦ರ ಪರೀಕ್ಷೆಯಲ್ಲಿ ಲಂಡನ್ನಿನ ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಅನೇಕ ಪ್ರೋಟೀನುಗಳ ಆಕಾರವನ್ನು ಪ್ರಯೋಗಕ್ಕೆ ಹತ್ತಿರವಾದ ನಿಖರತೆಯಿಂದ ಹೇಳಿತು. ೨೦೨೪ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಅರ್ಧ ಪಾಲು ಹೊಸ ಪ್ರೋಟೀನುಗಳನ್ನು ರಚಿಸಿದ ಡೇವಿಡ್ ಬೇಕರ್ ಅವರಿಗೂ, ಉಳಿದರ್ಧ ಡೀಪ್‌ಮೈಂಡಿನ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೂ ಸಂದಿತು. ಜಂಪರ್ ಅವರು ಡಾಕ್ಟರೇಟ್ ಪಡೆದುದು ೨೦೧೭ರಲ್ಲಿ. ಮೂರೇ ವರ್ಷಗಳಲ್ಲಿ ಅವರ ನೇತೃತ್ವದ ತಂಡ ಈ ಸಾಧನೆಯನ್ನು ಮಾಡಿತು.

ಇದನ್ನು ಕೇಳಿದವರಲ್ಲಿ ಕೆಲವರು, ‘ಯಂತ್ರವೇ ಎಲ್ಲವನ್ನೂ ಮಾಡಿ ಮುಗಿಸಿತಲ್ಲ, ಇನ್ನು ಎಳೆಯರಿಗೆ ಉಳಿದದ್ದೇನು?’ ಎನ್ನುತ್ತಾರೆ. ಈ ಮಾತು ನಿಘಂಟು ಸಿದ್ಧವಾದ ಮೇಲೆ ಕಾವ್ಯಕ್ಕೆ ವ್ಯಾಖ್ಯಾನವೇಕೆ ಎಂದು ಕೇಳಿದಂತೆ. ಆಲ್ಫಾಫೋಲ್ಡ್ ಕೊಡುವುದು ಬಹುಮಟ್ಟಿಗೆ ನಿಂತ ಚಿತ್ರ. ಜೀವದೊಳಗಿನ ಪ್ರೋಟೀನು ನಿಲ್ಲುವುದಿಲ್ಲ. ಅದು ಬಾಗುತ್ತದೆ, ತೆರೆಯುತ್ತದೆ, ಇನ್ನೊಂದನ್ನು ಅಪ್ಪುತ್ತದೆ, ಬಿಡುತ್ತದೆ. ನಿಯತವಾದ ಆಕಾರವೇ ಇಲ್ಲದೆ ಕೆಲಸ ಮಾಡುವ ಪ್ರೋಟೀನುಗಳೂ ಇವೆ. ಒಂದಕ್ಷರ ಬದಲಾದರೆ ಆಕಾರದ ಸ್ಥಿರತೆ ಎಷ್ಟು ಕೆಡುತ್ತದೆ, ಒಂದು ಔಷಧದ ಅಣು ಎಷ್ಟು ಬಿಗಿಯಾಗಿ ಎಷ್ಟು ಹೊತ್ತು ಅಂಟಿಕೊಳ್ಳುತ್ತದೆ ಎಂಬ ಪ್ರಶ್ನೆಗಳು ಬಗೆಹರಿದಿಲ್ಲ. ಮೇಲೆ ಹೇಳಿದ ಕುಡುಗೋಲು ಕಣ ರೋಗವನ್ನೇ ನೋಡಬಹುದು. ಹೀಮೋಗ್ಲೋಬಿನ್ನಿನ ರಚನೆಯನ್ನು ಬಳಸಿಕೊಂಡು ರೂಪಿಸಿದ ವೊಕ್ಸೆಲೋಟಾರ್ ಎಂಬ ಔಷಧಕ್ಕೆ ೨೦೧೯ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಲಾಭವು ಅಪಾಯವನ್ನು ಮೀರುವುದಿಲ್ಲವೆಂದು ಕಂಡುಬಂದುದರಿಂದ ೨೦೨೪ರಲ್ಲಿ ತಯಾರಕರೇ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಅಣುವಿನ ಆಕಾರ ತಿಳಿದು ಅರವತ್ತು ವರ್ಷಗಳಾದರೂ ಆ ನೋವಿಗೆ ಸುಲಭವಾದ ಮದ್ದು ದೊರೆತಿಲ್ಲ. ಕೆಲಸ ಮುಗಿದಿದೆಯೆನ್ನುವವರು ಇದನ್ನು ಯೋಚಿಸಬೇಕು. ಅಂತೆಯೇ ಗುಂಡಿಯೊತ್ತಿ ಬಂದ ಉತ್ತರವನ್ನು ಪರೀಕ್ಷಿಸದೆ ನಂಬುವ ತರುಣರೂ ಇದರಿಂದ ಎಚ್ಚರ ಕಲಿಯಬೇಕು. ಲೆಕ್ಕಕ್ಕೆ ಪ್ರಯೋಗದ ಸಾಕ್ಷ್ಯ ಬೇಕು; ಪ್ರಯೋಗಕ್ಕೆ ಲೆಕ್ಕದ ದಾರಿದೀಪ ಬೇಕು.

ಈ ಶಾಸ್ತ್ರದ ಒಂದು ವಿಶೇಷ ಗುಣವನ್ನು ನಮ್ಮ ಊರುಗಳ ಅಧ್ಯಾಪಕರು ಮುಖ್ಯವಾಗಿ ಗಮನಿಸಬೇಕು. ಇದರ ಸಾಧನಗಳು ಬಹುಮಟ್ಟಿಗೆ ಎಲ್ಲರಿಗೂ ತೆರೆದಿವೆ. ೧೯೭೧ರಲ್ಲಿ ಕೇವಲ ೭ ರಚನೆಗಳಿಂದ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಭಂಡಾರದಲ್ಲಿ ೨೦೨೩ರ ವೇಳೆಗೆ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳು ಸೇರಿದ್ದವು. ಆಲ್ಫಾಫೋಲ್ಡ್ ಊಹಿಸಿದ ೨೦ ಕೋಟಿಗೂ ಮಿಕ್ಕ ರಚನೆಗಳು ೨೦೨೨ರಲ್ಲಿ ಸಾರ್ವಜನಿಕರಿಗೆ ಲಭ್ಯವಾದುವು. ಇವೆರಡನ್ನೂ ನೋಡಲು ಹಣ ಕೊಡಬೇಕಾಗಿಲ್ಲ. ಅಣುಗಳ ಚಲನೆಯನ್ನು ಅನುಕರಿಸುವ ಗ್ರೋಮ್ಯಾಕ್ಸ್‌ನಂತಹ ತಂತ್ರಾಂಶವೂ ಉಚಿತ. ದೊಡ್ಡ ಲೆಕ್ಕಗಳಿಗಾಗಿ ೨೦೧೫ರಲ್ಲಿ ಆರಂಭವಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಅಭಿಯಾನದ ಮೂಲಕ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ೩.೩ ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ ಯಂತ್ರ ಸ್ಥಾಪಿತವಾಯಿತು. ಬೆಂಗಳೂರಿನಲ್ಲಿಯೇ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರ, ಎಲೆಕ್ಟ್ರಾನಿಕ್ಸ್ ಸಿಟಿಯ ಜೈವಿಕ ಮಾಹಿತಿ ಮತ್ತು ಆನ್ವಯಿಕ ಜೈವಿಕ ತಂತ್ರಜ್ಞಾನ ಸಂಸ್ಥೆ ಇವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ಇಂಜಿನಿಯರಿಂಗ್ ಯಾವುದನ್ನು ಓದಿ ಬಂದವರಿಗೂ ಈ ಕ್ಷೇತ್ರದಲ್ಲಿ ಕೆಲಸವಿದೆ.

ಸಾಧನ ಇದೆ, ಸಮಸ್ಯೆಗಳು ಇವೆ, ಸಂಸ್ಥೆಗಳೂ ಇವೆ. ಹಾಗಾದರೆ ಕೊರತೆ ಯಾವುದು? ತರುಣ ಸಂಶೋಧಕ ನೆಮ್ಮದಿಯಿಂದ ಕುಳಿತು ಯೋಚಿಸುವ ಎಡೆಯೇ ಕೊರತೆ. ಪದವಿಗಳನ್ನು ಮುಗಿಸಿ ಡಾಕ್ಟರೇಟಿಗೆ ಐದಾರು ವರ್ಷ, ಆ ಮೇಲೆ ತಾತ್ಕಾಲಿಕ ನೆಲೆಗಳಲ್ಲಿ ಮತ್ತೆ ಕೆಲವು ವರ್ಷ ಕಳೆಯುವಷ್ಟರಲ್ಲಿ ವಯಸ್ಸು ಮೂವತ್ತು ದಾಟುತ್ತದೆ. ಓರಗೆಯವರು ಅಷ್ಟರಲ್ಲಿ ಮನೆ ಕಟ್ಟಿರುತ್ತಾರೆ. ಕೇಂದ್ರ ಸರ್ಕಾರದ ಕಿರಿಯ ಸಂಶೋಧನ ವೇತನ ೨೦೧೪ರಲ್ಲಿ ತಿಂಗಳಿಗೆ ೨೫,೦೦೦ ರೂಪಾಯಿ ಆಗಿತ್ತು. ದೇಶದ ಸಂಶೋಧನ ವಿದ್ಯಾರ್ಥಿಗಳು ಬೀದಿಗಿಳಿದು ಕೇಳಿದ ಬಳಿಕ ೨೦೧೯ರಲ್ಲಿ ೩೧,೦೦೦ ಆಯಿತು. ೨೦೨೩ರ ಜನವರಿ ೧ರಿಂದ ೩೭,೦೦೦ಕ್ಕೆ ಏರಿತು. ಹಿರಿಯ ವೇತನ ಅದೇ ದಿನದಿಂದ ೪೨,೦೦೦. ಒಬ್ಬನ ಊಟವಸತಿಗೆ ಇದು ಸಾಕೆನಿಸಬಹುದು. ಆದರೆ ವೇತನ ತಿಂಗಳು ತಿಂಗಳು ತಪ್ಪದೆ ಕೈಸೇರದಿದ್ದರೆ ಬಾಡಿಗೆ ಕಾಯುವುದಿಲ್ಲ; ಊರಿನಲ್ಲಿ ತಂದೆಯ ಸಾಲದ ಕಂತೂ ಕಾಯುವುದಿಲ್ಲ. ತರುಣಿಯರ ಪಾಡು ಇನ್ನೂ ಕಷ್ಟ. ಸಂಶೋಧನೆ ಫಲ ಬಿಡುವ ವಯಸ್ಸೂ ಮನೆಯವರು ಮದುವೆಗೆ ಆತುರಪಡುವ ವಯಸ್ಸೂ ಒಂದೇ ಆಗಿಬಿಟ್ಟಿದೆ. ಕನ್ನಡದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನ ಅಳುಕು ಬೇರೆ. ರಾಮಚಂದ್ರನ್ ನಕ್ಷೆಯಲ್ಲಿ ನಿಷಿದ್ಧ ಭಾಗವೇ ಹೆಚ್ಚಾಗಿರುವುದು ಪ್ರಕೃತಿಯ ನಿಯಮ. ನಮ್ಮ ಮಕ್ಕಳ ಬಾಳಿನ ನಕ್ಷೆಯಲ್ಲಿ ಹಾಗಾಗಿರುವುದು ಮಾತ್ರ ಮನುಷ್ಯರ ಏರ್ಪಾಡು, ಅದನ್ನು ಬದಲಿಸಬಹುದು.

‘ಹಣ ಸುರಿದು ಓದಿಸಿದರೆ ಹುಡುಗರು ಪರದೇಶಕ್ಕೆ ಹೋಗಿಬಿಡುತ್ತಾರೆ’ ಎಂಬ ಆಕ್ಷೇಪವನ್ನು ದಾನಿಗಳ ಬಾಯಲ್ಲಿ ಕೇಳುವುದುಂಟು. ಇದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ರಾಮಚಂದ್ರನ್ ಅವರೂ ಕೇಂಬ್ರಿಜ್ಜಿಗೆ ಹೋಗಿದ್ದರು, ಮರಳಿ ಬಂದರು, ಬಂದವರಿಗೆ ಇಲ್ಲಿ ನೆಲೆ ಕಾದಿತ್ತು. ಹೋದವರನ್ನು ಕರೆತರಲು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ರಾಮಲಿಂಗಸ್ವಾಮಿ ಅವರ ಹೆಸರಿನಲ್ಲಿ ಸಂಶೋಧನ ವೇತನವನ್ನಿಟ್ಟಿದೆ. ೨೦೦೮ರಲ್ಲಿ ಸ್ಥಾಪಿತವಾದ ಇಂಡಿಯಾ ಅಲಯನ್ಸ್, ೨೦೨೩ರ ಕಾಯಿದೆಯಿಂದ ರೂಪುಗೊಂಡ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನ ಇವುಗಳೂ ವೃತ್ತಿಯ ಆರಂಭದಲ್ಲಿರುವ ವಿಜ್ಞಾನಿಗಳಿಗಾಗಿ ಪ್ರತ್ಯೇಕ ಯೋಜನೆಗಳನ್ನು ಹೊಂದಿವೆ. ಕೊಂಬೆ ಗಟ್ಟಿಯಿದ್ದರೆ ಹಕ್ಕಿ ಮರಳುತ್ತದೆ. ಹಕ್ಕಿಯನ್ನು ಹಳಿಯುವ ಮುನ್ನ ಕೊಂಬೆಯನ್ನು ನೋಡುವುದು ನ್ಯಾಯ.

ಸರ್ಕಾರ ಮಾಡಬೇಕಾದುದನ್ನು ಸರ್ಕಾರವೇ ಮಾಡಬೇಕು. ವೇತನ ನಿಗದಿತ ದಿನಕ್ಕೆ ತಲುಪುವುದು, ಖಾಲಿ ಹುದ್ದೆಗಳು ಕಾಲಕ್ಕೆ ಸರಿಯಾಗಿ ತುಂಬುವುದು, ಕಿರಿಯರ ಕೆಲಸಕ್ಕೆ ಕಿರಿಯರ ಹೆಸರೇ ನಿಲ್ಲುವುದು ಇವು ದಾನಿಗಳ ಕೈಯಲ್ಲಿಲ್ಲ. ಆದರೆ ವಿದ್ಯಾಸಂಸ್ಥೆಗಳ ಹಿತೈಷಿಗಳು ಮಾಡಬಹುದಾದುದು ಸಣ್ಣದೇನಲ್ಲ. ನಮ್ಮಲ್ಲಿ ಕಟ್ಟಡಕ್ಕೆ ಕೊಡುವ ಕೈಗಳು ಬಹಳ; ಕಲ್ಲಿನ ಮೇಲೆ ಹೆಸರು ಉಳಿಯುತ್ತದೆ. ಅದೇ ದಾನದ ಒಂದು ಪಾಲನ್ನು ದತ್ತಿಯಾಗಿ ಇರಿಸಿ, ಸಂದರ್ಶನಕ್ಕೆ ಹೋಗುವ ವಿದ್ಯಾರ್ಥಿಯ ರೈಲು ಖರ್ಚು, ಪರೀಕ್ಷೆಯ ಶುಲ್ಕ, ಒಂದು ಒಳ್ಳೆಯ ಗಣಕಯಂತ್ರ, ವೇತನ ತಡವಾದ ನಾಲ್ಕಾರು ತಿಂಗಳ ನಿರ್ವಹಣೆ ಇಷ್ಟಕ್ಕೆ ಒದಗಿಸಿದರೆ, ಅರ್ಧದಲ್ಲಿ ನಿಲ್ಲಬಹುದಾಗಿದ್ದ ಓದು ಮುಂದುವರಿಯುತ್ತದೆ. ಬೆಂಗಳೂರಿನಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಊರಿನಿಂದ ಬಂದ ಹುಡುಗನಿಗೆ ಒಂದು ವಾರದ ವಸತಿ ಕೊಡಬಹುದು. ಸಂಶೋಧನೆಯಲ್ಲಿರುವವರು ಅವನ ಅರ್ಜಿಯನ್ನು ಓದಿ ತಿದ್ದಬಹುದು.

ಅಧ್ಯಾಪಕರ ಹೊಣೆ ಇದಕ್ಕಿಂತ ಹಿರಿದು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ನಡೆಸುವ ಬೇಸಗೆಯ ಸಂಶೋಧನ ಶಿಬಿರವೇತನದ ಯೋಜನೆ ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಅಧ್ಯಾಪಕರಿಗೂ ಇದೆಯೆಂಬುದು ಅನೇಕರಿಗೆ ತಿಳಿಯದು. ಅಧ್ಯಾಪಕನೊಬ್ಬ ಎರಡು ತಿಂಗಳು ಪ್ರಯೋಗಾಲಯದಲ್ಲಿ ಕಳೆದು ಬಂದರೆ ಅವನ ತರಗತಿಯ ನೂರು ಮಕ್ಕಳಿಗೆ ದಾರಿ ಕಾಣುತ್ತದೆ. ಪ್ರೋಟೀನು ಮಡಿಚಿಕೊಳ್ಳುವ ಬಗೆಯನ್ನು ಹತ್ತನೆಯ ತರಗತಿಯ ಮಗುವಿಗೆ ಕನ್ನಡದಲ್ಲಿ ತಿಳಿಯಹೇಳುವುದು ಅಸಾಧ್ಯವೇನಲ್ಲ. ಒಂದು ಮಣಿಸರವೂ ಒಂದು ತುಂಡು ತಂತಿಯೂ ಸಾಕು. ಮಾತೃಭಾಷೆಯಲ್ಲಿ ತತ್ತ್ವ ತಿಳಿದವನಿಗೆ ಪರಭಾಷೆಯ ಪದ ಭಾರವಾಗುವುದಿಲ್ಲ.

ಹೆತ್ತವರ ಪ್ರಶ್ನೆಗೆ ಕೊನೆಯಲ್ಲಿ ಸಿಗುವ ಉತ್ತರ ಇಷ್ಟು. ಈ ಶಾಸ್ತ್ರದಲ್ಲಿ ಕೆಲಸ ಹೇರಳವಾಗಿದೆ. ಆದರೆ ಅವಕಾಶವೆಂಬುದು ಎಲ್ಲೋ ಸಿದ್ಧವಾಗಿದ್ದು ಕೈಗೆ ಸಿಗುವ ವಸ್ತುವಲ್ಲ. ಹಿರಿಯರು ತುಸು ಸರಿದು ಕುಳಿ‌ತರೆ ಕಿರಿಯರಿಗೆ ಉಂಟಾಗುವ ಜಾಗವದು. ಮುದಲಿಯಾರ್ ಅವರೂ ರಾಮನ್ ಅವರೂ ೧೯೫೨ರಲ್ಲಿ ಹಾಗೆ ಸರಿದು ಕುಳಿತುದರಿಂದ ಭಾರತೀಯನೊಬ್ಬನ ಹೆಸರು ಜಗತ್ತಿನ ಜೀವಭೌತವಿಜ್ಞಾನದ ಪಠ್ಯಗಳಲ್ಲಿ ಶಾಶ್ವತವಾಗಿ ನಿಂತಿತು. ಅಷ್ಟು ದೊಡ್ಡ ಪೀಠಗಳು ಎಲ್ಲರ ಕೈಯಲ್ಲಿಲ್ಲ. ಆದರೆ ಒಬ್ಬ ವಿದ್ಯಾರ್ಥಿಗೆ ಇನ್ನೆರಡು ವರ್ಷ ನಿಶ್ಚಿಂತೆಯಿಂದ ಓದುವ ಎಡೆ ಮಾಡಿಕೊಡುವುದು ಅನೇಕರ ಕೈಯಲ್ಲಿದೆ. ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು, ದಾನಿಗಳು ತಮ್ಮ ತಮ್ಮ ಶಕ್ತ್ಯನುಸಾರ ಈ ಕಾರ್ಯಕ್ಕೆ ಮುಂದಾಗುವುದು ಇಂದಿನ ಅಗತ್ಯವಾಗಿದೆ.